ಸಿಂಪಿ ಶೆಡ್ಡಿಗೆ ಕಳಿಸಿದ ಬಾಲಗಳು

ನೊರ್ಯಾಂಗ್‌ಜಿನ್, ಸಿಯೋಲ್
೫ ಅಕ್ಟೋಬರ್ ೨೦೦೮

ಅತ್ತಿಗೆಗೆ,

ಡಬ್ಬ ತಲುಪಿತು. ಮೂಲಂಗಿ ಕಿಮ್ಚಿ ಬಸ್ಸಿನಲ್ಲೇ ಹುಳಿ ಬಂದು ಮುಚ್ಚಳ ಎದ್ದಿತ್ತು. ಇಡೀ ಮಹಡಿಗೆ ನಿಮ್ಮ ಅಡುಗೆಮನೆಯ ವಾಸನೆ. ಪಕ್ಕದ ಕೋಣೆಯ ಹುಡುಗಿ ಗೋಡೆ ಬಡಿದು, "ಅಕ್ಕಾ, ಒಂದು ತುಂಡು ಕೊಡ್ತೀರಾ, ಇಲ್ಲಾ ನಾನೇ ಬರ್ಲಾ?" ಅಂದಳು. ಕೊಟ್ಟೆ. ಇಲ್ಲಿ ಗೋಡೆ ಅಂದರೆ ರಟ್ಟು. ಎರಡೂ ಕೈ ಚಾಚಿದರೆ ಎರಡೂ ಕಡೆ ತಾಗುತ್ತದೆ.

ನಗರದ ಸರ್ಕಾರಿ ನೌಕರಿ ಪರೀಕ್ಷೆಯ ಫಲಿತಾಂಶವೂ ಬಂತು. ಇಂಗ್ಲಿಷ್ ಮತ್ತೆ ನಲವತ್ತರ ಕೆಳಗೆ. ಒಂದು ವಿಷಯ ನಲವತ್ತರ ಕೆಳಗೆ ಬಿದ್ದರೆ ಉಳಿದದ್ದರಲ್ಲಿ ಎಷ್ಟು ತೆಗೆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಲ್ಲಾ ಆ ಬಾಲಗಳ ಕೆಲಸ. ಕ್ರಿಯಾಪದ ಗೊತ್ತಿರುತ್ತದೆ; ಅದರ ಹಿಂದೆ ಬರುವ ಆನ್, ಆಫ್, ಫಾರ್, ವಿತ್ ಎಂಬ ಪುಟ್ಟ ಬಾಲ ಬದಲಾದರೆ ಅರ್ಥವೇ ಬುಡಮೇಲು. 'ಲುಕ್' ಅಂದರೆ ನೋಡು. 'ಲುಕ್ ಆಫ್ಟರ್' ಅಂದರೆ ಸಾಕು, ಸಲಹು. 'ಲುಕ್ ಫಾರ್' ಅಂದರೆ ಹುಡುಕು. ಯಾಕೆ ಹಾಗೆ ಎಂದು ಕೇಳಿದರೆ ಮೇಷ್ಟ್ರು, "ಕೇಳ್ಬೇಡ, ಬಾಯಿಪಾಠ ಮಾಡು" ಅನ್ನುತ್ತಾರೆ. ಆರು ವರ್ಷ ಮಾಡಿದೆ.

ಒಂದು ಸಮಾಧಾನವಿದೆ ಅತ್ತಿಗೆ. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಇದೇ ಕೊನೆಯದು. ಇನ್ನು ಬರೆಯುತ್ತೇನೆಂದರೂ ಬಿಡುವುದಿಲ್ಲ. ಸರ್ಕಾರವೇ "ಸಾಕು, ಏಳಮ್ಮ" ಅಂದ ಹಾಗಾಯಿತು. ಮುಂದಿನ ತಿಂಗಳ ಕೊನೆಗೆ ಕೋಣೆ ಬಿಡುತ್ತೇನೆ. ಸಿಂಪಿ ಕಾಲ ಶುರುವಾಗಿರಬೇಕಲ್ಲವೇ? ನೀವು ಚಿಪ್ಪೊಡೆದು ಸಿಂಪಿ ಬಿಡಿಸುವ ಶೆಡ್ಡಿನ ಮೇಜಿಗೆ ಒಬ್ಬಳು ಹೆಚ್ಚಿಗೆ ಹಿಡಿಸುತ್ತಾಳೆಯೇ ಎಂದು ಕೇಳಿ ನೋಡಿ. ಕಾಲೇಜಿನ ರಜೆಯಲ್ಲಿ ನಾನು ಹಿಡಿಯುತ್ತಿದ್ದ ಆ ಸಣ್ಣ ಚಾಕು ಇನ್ನೂ ಇದೆಯೇ?

ಓದಿಗೆ ಅಡ್ಡಿಯೆಂದು ಮೊಬೈಲು ಬಿಟ್ಟ ಮೇಲೆ ಕಾಗದಕ್ಕೆ ಮೂರರಂತೆ ನಿಮಗೆ ಬಾಲ ಹೇಳಿಕೊಡುತ್ತ ಬಂದೆ. ಬೇರೆಯವರಿಗೆ ಹೇಳಿಕೊಟ್ಟರೆ ನನ್ನ ತಲೆಯಲ್ಲಿ ನಿಲ್ಲುತ್ತದೆಂದು ಒಪ್ಪಿಕೊಂಡಿರಿ, ಶೆಡ್ಡಿನ ಗೋಡೆಗೂ ಅಂಟಿಸಿದಿರಿ. ರೂಢಿ ತಪ್ಪಬಾರದೆಂದು ಕೊನೆಯ ಮೂರು: 'ಕಮ್ ಬ್ಯಾಕ್', ಮರಳಿ ಬರುವುದು. 'ಲುಕ್ ಫಾರ್ವರ್ಡ್ ಟು', ಆಸೆಯಿಂದ ಕಾಯುವುದು. 'ಬಿಲಾಂಗ್ ಟು', ಒಂದು ಕಡೆಯವರಾಗಿರುವುದು.

ಅಣ್ಣನಿಗೆ ನಮಸ್ಕಾರ.

ಮಿರಾನ್


ತೊಂಗ್‌ಯೊಂಗ್
೧೬ ಅಕ್ಟೋಬರ್ ೨೦೦೮

ನಮ್ಮ ಮಿರಾನ್‌ಗೆ,

ಕೂತಿದ್ದೀಯಾ? ಕೂತುಕೊಂಡು ಓದು. ದೇವರು ಕಣ್ಣು ಬಿಟ್ಟ ಕಣೇ!

ನಿನ್ನೆ ಮಧ್ಯಾಹ್ನ ಶೆಡ್ಡಿನಲ್ಲಿ ಊಟಕ್ಕೆ ಕೂತಿದ್ದೆವು. ಟೀವಿ ತನ್ನ ಪಾಡಿಗೆ ಒದರುತ್ತಿತ್ತು. ಗೊಸೊಂಗ್ ಅಕ್ಕ ಗೊತ್ತಲ್ಲ, ಮೇಜಿನ ತುದಿಯಲ್ಲಿ ಕೂತು ಎಲ್ಲರ ಮಾತಿಗೂ ಒಗ್ಗರಣೆ ಹಾಕುವವಳು, ಅವಳೇ ಮೊದಲು ಕೂಗಿದ್ದು. "ಲೇ ಸುನ್‌ನಾಮ್, ಕೇಳಿಸ್ಕೊಂಡ್ಯಾ? ಸರ್ಕಾರಿ ಪರೀಕ್ಷೆಗೆ ಇನ್ಮೇಲೆ ವಯಸ್ಸಿನ ಮಿತಿ ಇಲ್ವಂತೆ! ಬರೋ ವರ್ಷದಿಂದ ತೆಗೀತಾರಂತೆ!" ನಾನು ನಂಬಲಿಲ್ಲ. "ಅಕ್ಕಾ, ನಿನಗೆ ಕಿವಿ ಮಂದ" ಅಂದೆ. "ಕಿವಿ ಮಂದ ಆದ್ರೆ ಕಣ್ಣಿಗೇನಾಗಿದೆ, ಕೆಳಗೆ ಬರ್ದಿದ್ದಾರೆ ನೋಡೇ" ಅಂದಳು. ನೋಡಿದೆ. ಬರೆದಿತ್ತು. ಕೈಯಲ್ಲಿದ್ದ ಅನ್ನದ ಬಟ್ಟಲು ಕೆಳಗಿಟ್ಟು ಅತ್ತೇಬಿಟ್ಟೆ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಶೆಡ್ಡಿನ ಯಜಮಾನ ಒಳಗೆ ಬಂದು, "ಯಾರಿಗೆ ಗಂಡು ಮಗು ಆಯ್ತು?" ಅಂತ ಕೇಳಿದ.

ಹಾಗಾಗಿ ನೀನು ಬರಬೇಡ! ಕೋಣೆ ಬಿಡಬೇಡ! ಚಾಕು ಇದೆ, ಕೊಡುವುದಿಲ್ಲ ಹೋಗು. ನಿಮ್ಮಮ್ಮ ತೀರಿಕೊಂಡ ವರ್ಷ ನಾನು ಈ ಮನೆ ಹೊಸ್ತಿಲು ತುಳಿದೆ. ಜಡೆಯೂ ಸರಿಯಾಗಿ ಹೆಣೆಯಲು ಬಾರದ ಹುಡುಗಿ ನೀನು. ನಿನ್ನ ಊಟದ ಡಬ್ಬಿ ಕಟ್ಟಿದ್ದು ಸಿಂಪಿ ಬಿಡಿಸಲಿ ಅಂತ ಅಲ್ಲ. ಕಂದಾಯ ಕಚೇರಿಯ ಕಿಟಕಿಯ ಹಿಂದೆ ನೀನು ಕೂತಿರಬೇಕು, ನಾನು ಬೇಕೆಂದೇ ಸರದಿಯಲ್ಲಿ ನಿಂತು ಯಾವುದೋ ಚೀಟಿ ಕೇಳಬೇಕು, ನೀನು ತಲೆ ಎತ್ತದೆ "ಮುಂದಿನವರು" ಅನ್ನಬೇಕು. ಅಷ್ಟಾದರೆ ನನಗೆ ಸಾಕು.

ನಿನ್ನಣ್ಣನಿಗೆ ಹೇಳಿದೆ. ಹೂಂ ಅಂದ. ಎದ್ದು ಹೋಗಿ ದೋಣಿಯ ಹಗ್ಗ ನೋಡುತ್ತ ನಿಂತ. ಆ ಮನುಷ್ಯನ ಬಾಯಿಂದ ಮಾತು ತೆಗೆಯುವುದಕ್ಕಿಂತ ಸಿಂಪಿ ಬಿಡಿಸುವುದು ಸುಲಭ.

ಮೂರು ಬಾಲಗಳನ್ನೂ ಗೋಡೆಗೆ ಅಂಟಿಸಿದ್ದೇನೆ. 'ಲುಕ್ ಫಾರ್ವರ್ಡ್ ಟು' ಎಲ್ಲರಿಗೂ ಇಷ್ಟವಾಯಿತು. ಕೂಲಿ ಕೊಡುವ ದಿನ ಯಜಮಾನನ ಮುಖ ನೋಡಿ ಒಟ್ಟಿಗೆ ಹೇಳುತ್ತಾರೆ. ಅವನಿಗೆ ಅರ್ಥವಾಗುವುದಿಲ್ಲ, ಹೆದರುತ್ತಾನೆ.

ಓದು ಮಗಳೇ. ಗಟ್ಟಿಯಾಗಿ ಓದು.

ನಿನ್ನ ಅತ್ತಿಗೆ
ಬಾಂಗ್ ಸುನ್‌ನಾಮ್


ನೊರ್ಯಾಂಗ್‌ಜಿನ್
೯ ನವೆಂಬರ್ ೨೦೦೮

ಅತ್ತಿಗೆಗೆ,

ತಡವಾಯಿತು, ಬೇಸರಿಸಬೇಡಿ. ಆ ಸುದ್ದಿಯನ್ನು ನಾನೂ ಓದಿದೆ. ಒಳ್ಳೆಯದಾಯಿತು.

ಕೋಣೆಯನ್ನು ಮುಂದುವರಿಸಿದ್ದೇನೆ. ಕಟ್ಟಿಟ್ಟ ಪೆಟ್ಟಿಗೆಗಳನ್ನು ಬಿಚ್ಚಿ ಪುಸ್ತಕಗಳನ್ನು ಮತ್ತೆ ಜೋಡಿಸಿದೆ. ಹಳೇ ಪುಸ್ತಕಗಳೇ ಸಾಕು. ಬಾಲಗಳೇನೂ ವರ್ಷವರ್ಷ ಬದಲಾಗುವುದಿಲ್ಲ.

ಓದುವ ಹಾಲ್‌ನಲ್ಲಿ ನನ್ನ ಜಾಗದ ಮೇಲೆ ಯಾರೋ ಒಂದು ಹಳದಿ ಚೀಟಿ ಅಂಟಿಸಿದ್ದರು. "ದಯವಿಟ್ಟು ನಿಟ್ಟುಸಿರು ಬಿಡುವುದನ್ನು ಕಡಿಮೆ ಮಾಡಿ. ಏಕಾಗ್ರತೆ ಕೆಡುತ್ತದೆ." ಇಲ್ಲಿ ಪೆನ್ನಿನ ಗುಂಡಿ ಒತ್ತುವವರಿಗೆ, ಮೂಗು ಎಳೆಯುವವರಿಗೆ ಇಂಥ ಚೀಟಿ ಬರುತ್ತದೆ. ನಿಟ್ಟುಸಿರಿಗೆ ಬಂದದ್ದು ನನಗೇ ಮೊದಲಿರಬೇಕು. ನಾನು ಬಿಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಈಗ ಗಮನಿಸುತ್ತೇನೆ.

ಈ ಸಲದ ಮೂರು: 'ಪುಟ್ ಆಫ್', ಮುಂದಕ್ಕೆ ಹಾಕುವುದು. 'ಗೋ ಆನ್', ನಿಲ್ಲಿಸದೆ ನಡೆಯುತ್ತಿರುವುದು. 'ಪುಟ್ ಅಪ್ ವಿತ್', ಸಹಿಸಿಕೊಂಡಿರುವುದು. ಇದಕ್ಕೂ ಎರಡು ಬಾಲ.

ಮಿರಾನ್


ತೊಂಗ್‌ಯೊಂಗ್
೧೧ ಡಿಸೆಂಬರ್ ೨೦೦೮

ನಮ್ಮ ಮಿರಾನ್‌ಗೆ,

ಮತ್ತೊಂದು ಎರಡು ಬಾಲದ ಮಾತಿಗೆ ಕೈ ಹಾಕಿದೆಯಾ! ನಾನು ಎಲ್ಲರಿಗೂ ಹೇಳಿದೆ, ಈ ಸಲ ನಮ್ಮ ಹುಡುಗಿಯ ತಲೆ ಚುರುಕಾಗಿದೆ, ಕಷ್ಟದವನ್ನೇ ಹಿಡಿದಿದ್ದಾಳೆ ಅಂತ.

ಆದರೆ ಈ 'ಪುಟ್ ಅಪ್ ವಿತ್' ಶೆಡ್ಡಿನಲ್ಲಿ ದೊಡ್ಡ ಜಗಳ ಮಾಡಿಸಿತು. ಗೊಸೊಂಗ್ ಅಕ್ಕನಿಗೆ ಈ ಎರಡು ಬಾಲ ಒಟ್ಟಿಗೆ ನಿಲ್ಲುವುದೇ ಇಲ್ಲ. ಒಂದು ಹಿಡಿದರೆ ಇನ್ನೊಂದು ಬಿಡುತ್ತಾಳೆ. "ಸಹಿಸ್ಕೊಳ್ಳೋಕೆ ಮೂರು ಮಾತು ಯಾಕೆ ಬೇಕು ಆ ಬಿಳಿಯರಿಗೆ? ನಾನು ನಲವತ್ತು ವರ್ಷ ಗಂಡನ್ನ ಸಹಿಸ್ಕೊಂಡೆ, ಒಂದು ಮಾತೂ ಆಡ್ಲಿಲ್ಲ!" ಅಂದಳು. "ನೀನು ಆಡ್ಲಿಲ್ವಾ! ಬಂದರಿನವರೆಗೂ ಕೇಳಿಸ್ತಿತ್ತು" ಅಂತ ಪಕ್ಕದವಳು ಅಂದಳು. ನಗು ನಿಲ್ಲುವುದಕ್ಕೆ ಒಂದು ಬುಟ್ಟಿ ಸಿಂಪಿ ಮುಗಿಯಿತು. ಚೀಟಿಯ ವಿಷಯ ಓದಿದಾಗಲೂ ನಕ್ಕರು. ನಿಟ್ಟುಸಿರಿಗೂ ತೆರಿಗೆಯಾ ಸಿಯೋಲಿನಲ್ಲಿ? ಹೆಚ್ಚು ಓದಿದರೆ ಉಸಿರು ಉದ್ದ ಆಗುತ್ತೆ ಬಿಡು.

ಪೋಸ್ಟಿನವನಿಗೆ, ಮೀನು ಮಾರುವವಳಿಗೆ, ನಿನ್ನ ಹೈಸ್ಕೂಲಿನ ಗೆಳತಿ ಕೆಲಸ ಮಾಡುವ ಬ್ಯಾಂಕಿನಲ್ಲಿ, ಎಲ್ಲ ಕಡೆ ಹೇಳಿಬಿಟ್ಟಿದ್ದೇನೆ, ಏಪ್ರಿಲ್ ಪರೀಕ್ಷೆಯಲ್ಲಿ ನೀನು ಪಾಸಾಗೇ ಆಗುತ್ತೀಯ ಅಂತ. ಮಾತು ಆಡಿದರೆ ಆಯಿತು, ಇನ್ನು ನಿನ್ನ ಕೈಯಲ್ಲಿದೆ ನನ್ನ ಮಾನ.

ನಿನ್ನಣ್ಣ ದಿನವೂ ಒಂದೇ ಪ್ರಶ್ನೆ ಕೇಳುತ್ತಾನೆ. "ಊಟ ಮಾಡ್ತಾಳಂತಾ?" ಹೂಂ ಅನ್ನುತ್ತೇನೆ. ಮಾಡುತ್ತೀಯ ತಾನೆ?

ಅಕ್ಷರ ದೊಡ್ಡದಾಗಿದೆ, ಸೊಟ್ಟಗಿದೆ ಅಂದುಕೊಳ್ಳಬೇಡ. ಪೆನ್ನು ಸರಿಯಿಲ್ಲ.

ಅತ್ತಿಗೆ


ನೊರ್ಯಾಂಗ್‌ಜಿನ್
೧೭ ಜನವರಿ ೨೦೦೯

ಅತ್ತಿಗೆಗೆ,

ಈ ತಿಂಗಳ ಕೊನೆಯ ಚಾಂದ್ರಮಾನ ಹೊಸ ವರ್ಷದ ಹಬ್ಬಕ್ಕೆ ಬರಲಾಗುವುದಿಲ್ಲ. ವಿಶೇಷ ತರಗತಿಗಳಿವೆ. ಅಪ್ಪ ಅಮ್ಮನ ಎಡೆಯ ಮುಂದೆ ನನ್ನ ಪಾಲಿನ ನಮಸ್ಕಾರವನ್ನು ಅಣ್ಣನೇ ಮಾಡಲಿ.

ಬೆಳಿಗ್ಗೆ ಇನ್ಸ್ಟಿಟ್ಯೂಟಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತದೆ. ಮುಂದಿನ ಬೆಂಚು ಸಿಗಲಿ ಎಂದು. ಒಬ್ಬರೂ ಮಾತಾಡುವುದಿಲ್ಲ, ಎಲ್ಲರ ತುಟಿಯೂ ಅಲ್ಲಾಡುತ್ತಿರುತ್ತದೆ. ವೇಟ್ ಆದರೆ ಫಾರ್, ಡಿಪೆಂಡ್ ಆದರೆ ಆನ್, ಕನ್ಸಿಸ್ಟ್ ಆದರೆ ಆಫ್. ನನ್ನ ಮುಂದೆ ನಿಲ್ಲುವ ಹುಡುಗಿಯರು ಈಗ ನನ್ನನ್ನು ಅಕ್ಕ ಅನ್ನುವುದನ್ನು ಬಿಟ್ಟು 'ನೀವು' ಅನ್ನತೊಡಗಿದ್ದಾರೆ. ಮೇಷ್ಟ್ರು ಮೈಕಿನಲ್ಲಿ ಕ್ರಿಯಾಪದ ಕೂಗುತ್ತಾರೆ, ಮುನ್ನೂರು ಜನ ಒಟ್ಟಿಗೆ ಬಾಲ ಕೂಗುತ್ತೇವೆ. ಮೊನ್ನೆ ಎಲ್ಲರೂ ಕೂಗುವಾಗ ನಾನು ಸುಮ್ಮನೆ ಬಾಯಿ ತೆರೆದೆ, ದನಿ ಬರಲಿಲ್ಲ. ಯಾರಿಗೂ ತಿಳಿಯಲಿಲ್ಲ.

ಪಕ್ಕದ ಕೋಣೆಯ ಹುಡುಗಿ, ಕಿಮ್ಚಿ ಕೇಳಿದವಳು, ಹೋದ ವಾರ ಊರಿಗೆ ಹೊರಟುಹೋದಳು. ಪಾಸಾಗಿ ಅಲ್ಲ, ಸುಮ್ಮನೆ. ಅವರಪ್ಪ ವ್ಯಾನ್ ತಂದು ಪುಸ್ತಕ ಹೊತ್ತರು. ಮೆಟ್ಟಿಲಿಳಿಯುವಾಗ ಆಕೆ ನಗುತ್ತಿದ್ದಳು. ನಾನು ವ್ಯಾನ್ ತಿರುವು ದಾಟುವವರೆಗೂ ನಿಂತು ನೋಡಿದೆ. ಆಮೇಲೆ ಓದಲು ಹೋದೆ.

ನಿಮ್ಮ ಅಕ್ಷರ ದೊಡ್ಡದಾಗಿ ಕುಣಿಯುತ್ತಿರುವುದು ನೋಡಿ ನಗು ಬಂತು. ಅಷ್ಟು ಉತ್ಸಾಹದಲ್ಲಿದ್ದೀರಿ. ಇರಲಿ, ನೀವಾದರೂ ಸಂತೋಷವಾಗಿರಿ.

ಮೂರು: 'ರನ್ ಔಟ್ ಆಫ್', ಇದ್ದದ್ದೆಲ್ಲ ಖಾಲಿಯಾಗುವುದು. 'ಡೂ ವಿತೌಟ್', ಇಲ್ಲದೆಯೇ ಕಾಲ ಹಾಕುವುದು. 'ಗೆಟ್ ಥ್ರೂ', ಹೇಗೋ ದಾಟುವುದು.

ಮಿರಾನ್


ತೊಂಗ್‌ಯೊಂಗ್
೧೯ ಫೆಬ್ರವರಿ ೨೦೦೯

ನಮ್ಮ ಮಿರಾನ್‌ಗೆ,

ಹಬ್ಬಕ್ಕೆ ಬರದೇ ಇದ್ದದ್ದಕ್ಕೆ ನಾನು ಬೈಯುವುದಿಲ್ಲ. ನಿನ್ನಣ್ಣ ನಿನ್ನ ಬಟ್ಟಲನ್ನೂ ಮೇಜಿನ ಮೇಲಿಟ್ಟ. ಅಕ್ಕಿಗಟ್ಟಿಯ ಸೂಪು ಆರಿಹೋಗುವವರೆಗೂ ನೋಡಿ, ಆಮೇಲೆ ತಾನೇ ಕುಡಿದ. ಅದು ಬೇರೆ ವಿಷಯ.

'ರನ್ ಔಟ್ ಆಫ್' ಶೆಡ್ಡಿಗೆ ಹೇಳಿ ಮಾಡಿಸಿದ ಮಾತು ಕಣೇ! ಕೈಗವಸು ಮುಗಿದರೆ, ಮಂಜುಗಡ್ಡೆ ಮುಗಿದರೆ, ಎಲ್ಲ ಒಟ್ಟಿಗೆ "ರನ್ ಔಟ್ ಆಫ್!" ಅಂತ ಕೂಗುತ್ತಾರೆ. ಯಜಮಾನನಿಗೂ ಅದೊಂದು ಬಂದಿದೆ ಈಗ. ಗೊಸೊಂಗ್ ಅಕ್ಕ ಮಾತ್ರ ನಿನ್ನ ಚೀಟಿಗಳ ಮುಂದೆ ಸುಮಾರು ಹೊತ್ತು ನಿಂತಿದ್ದಳು. ಅಕ್ಟೋಬರ್‌ನದು, ನವೆಂಬರ್‌ನದು, ಇದು, ಸಾಲಾಗಿ ಬೆರಳಿಟ್ಟು ಓದಿಸಿಕೊಂಡಳು. ಆಮೇಲೆ, "ಸುನ್‌ನಾಮ್, ಈ ಹುಡುಗಿ ದಣಿದಿದ್ದಾಳೆ ಕಣೇ" ಅಂದಳು. ನನಗೆ ಕೋಪ ಬಂತು. "ದಣಿವು ಯಾರಿಗಿಲ್ಲಕ್ಕಾ? ಪಾಸಾದ್ಮೇಲೆ ಮಲಗ್ತಾಳೆ ಬಿಡು!" ಅಂದೆ. ಅವಳು ಮುಖ ತಿರುಗಿಸಿಕೊಂಡು ಹೋದಳು. ಪುಸ್ತಕದಲ್ಲಿರುವುದನ್ನು ಹುಡುಗಿ ಬರೆಯುತ್ತಾಳೆ, ಅದರಲ್ಲಿ ಇವಳಿಗೇನು ಕಾಣುತ್ತದೋ!

ಕೇಳು, ಈ ವರ್ಷ ಪರೀಕ್ಷೆಯೂ ನಿನ್ನ ಹುಟ್ಟಿದ ದಿನವೂ ಒಂದೇ ದಿನ ಬಂದಿವೆ. ಏಪ್ರಿಲ್ ಹನ್ನೊಂದು, ಶನಿವಾರ. ಕ್ಯಾಲೆಂಡರಿನಲ್ಲಿ ಎರಡು ಸಲ ನೋಡಿದೆ. ಆ ದಿನ ಯಾರಾದರೂ ಅಭ್ಯಾಸಬಲದಿಂದ ಕಡಲಸೊಪ್ಪಿನ ಸಾರು ಕೊಟ್ಟರೆ ಬಾಯಿಗೆ ಹಾಕಬೇಡ ಮತ್ತೆ! ಹುಟ್ಟಿದ ದಿನಕ್ಕೆ ಅದಿಲ್ಲದೆ ಆಗುವುದಿಲ್ಲ, ನನಗೂ ಗೊತ್ತು. ಆದರೆ ಜಾರುವ ಸೊಪ್ಪು ತಿಂದು ಪರೀಕ್ಷೆಗೆ ಹೋದವರು ಜಾರದೆ ಉಳಿದದ್ದುಂಟೇ? ಆರು ವರ್ಷ ಬಿಟ್ಟಿದ್ದೀಯ, ಇದೊಂದು ಸಲ ಬಿಡು. ನಾನು ಅಂಟುಮಿಠಾಯಿ ಕಳಿಸುತ್ತೇನೆ. ಅದನ್ನು ತಿನ್ನು, ಅಂಟಿಕೊಳ್ಳುತ್ತೀಯ.

ಈ ಮಾತು ನಿನ್ನಣ್ಣನ ಎದುರು ಆಡಿದ್ದೇ ತಪ್ಪಾಯಿತು. ಅಪರೂಪಕ್ಕೆ ಬಾಯಿ ಬಿಟ್ಟ. "ಹುಟ್ಟಿದ ದಿನಾನೇ ಇಲ್ದೇ ಇರೋವಂಥ ಮನುಷ್ಯರು ಯಾರಿದ್ದಾರೆ?" ಅಂದ. "ಪರೀಕ್ಷೆ ಬರೆಯೋರು ಇದ್ದಾರೆ" ಅಂದೆ.

ಅತ್ತಿಗೆ


ನೊರ್ಯಾಂಗ್‌ಜಿನ್
೨೨ ಮಾರ್ಚ್ ೨೦೦೯

ಅತ್ತಿಗೆಗೆ,

ಚೆನ್ನಾಗಿದ್ದೇನೆ. ಏನೂ ಕಳಿಸುವುದು ಬೇಡ.

ಈ ಸಲ ಬಾಲಗಳಿಲ್ಲ. ಹೊಳೆಯುತ್ತಿಲ್ಲ.

ಮಿರಾನ್


ತೊಂಗ್‌ಯೊಂಗ್
೯ ಏಪ್ರಿಲ್ ೨೦೦೯
(ತುರ್ತು)

ಮಿರಾನ್, ಡಬ್ಬ ಬಂದಿದ್ದರೆ ತಳದಲ್ಲಿರುವುದನ್ನು ಮುಟ್ಟಬೇಡ! ಕಾಗದದಲ್ಲಿ ಸುತ್ತಿದ್ದು, ನೀಲಿ ದಾರ ಕಟ್ಟಿದ್ದು. ಅದು ಕಡಲಸೊಪ್ಪು. ಕಸಕ್ಕೆ ಎಸೆ. ಎಸೆದು ಕೈ ತೊಳೆದುಕೋ.

ನಾನು ಇಟ್ಟದ್ದಲ್ಲ ತಾಯಿ, ನನ್ನಾಣೆ. ಅಂಟುಮಿಠಾಯಿ, ಎಳ್ಳೆಣ್ಣೆ ಹಾಕಿದ ಒಣಮೀನು, ಎರಡು ಥರ ಕಿಮ್ಚಿ, ಇಷ್ಟೇ ನಾನು ಇಟ್ಟದ್ದು. ಬಸ್ ನಿಲ್ದಾಣಕ್ಕೆ ಒಯ್ದವನು ನಿನ್ನಣ್ಣ. ಇವತ್ತು ಬೆಳಿಗ್ಗೆ ಅಟ್ಟದ ಮೇಲೆ ನೋಡಿದರೆ ಸೊಪ್ಪಿನ ಕಟ್ಟು ಇಲ್ಲ. ಒಳ್ಳೇ ಸೊಪ್ಪು, ತನ್ನ ಕೈಯಾರೆ ಬಂಡೆಯಿಂದ ಕಿತ್ತು ಒಣಗಿಸಿಟ್ಟದ್ದು. "ಎಲ್ಲಿ?" ಅಂದೆ. ಅಟ್ಟದ ಏಣಿ ತೆಗೆದಿಡಲು ಹೋದ. "ಅವಳ ಡಬ್ಬಕ್ಕೆ ಹಾಕಿದ್ಯಾ?" ಅಂದೆ. "ಹುಟ್ಟಿದ ದಿನ ಅಲ್ವಾ" ಅಂದ. ಅಷ್ಟೇ! ನಾನು ಪೊರಕೆ ತೆಗೆದುಕೊಂಡೆ ಅಂತ ಬರೆದರೆ ನಾಚಿಕೆಗೇಡು, ಆದರೂ ತೆಗೆದುಕೊಂಡೆ. "ಆರು ವರ್ಷದ ತಪಸ್ಸು ಕಣಯ್ಯಾ, ಒಂದು ಹಿಡಿ ಸೊಪ್ಪಿಗೆ ಕೊಟ್ಯಲ್ಲಾ!" ಅಂತ ಕೂಗಾಡಿದೆ. ಅವನು ಏಟು ತಪ್ಪಿಸಿಕೊಳ್ಳಲೂ ಇಲ್ಲ. ನಿಂತಲ್ಲೇ ನಿಂತಿದ್ದ. ಕೈ ನನ್ನದೇ ಸೋತಿತು.

ನಿಮ್ಮ ಕಟ್ಟಡದ ಯಜಮಾನನಿಗೆ ಫೋನು ಮಾಡಿದೆ. ಪರೀಕ್ಷೆ ವಾರ ಯಾರನ್ನೂ ಕರೆದುಕೊಡುವುದಿಲ್ಲ ಅಂದು ಇಟ್ಟುಬಿಟ್ಟ. ಸೊಪ್ಪಿನ ವಿಷಯ ಹೇಳಲು ಮತ್ತೆ ಮಾಡಿದರೆ ಎತ್ತಲಿಲ್ಲ. ಅದಕ್ಕೇ ಈ ಕಾಗದ. ಶನಿವಾರದೊಳಗೆ ತಲುಪಲಿ ದೇವರೇ.

ನಾನು ನಿನಗೆ ಕೆಟ್ಟದ್ದು ಬಯಸಿದೆ ಅಂದುಕೊಳ್ಳಬೇಡ ಮಿರಾನ್. ಯಾವತ್ತೂ ಇಲ್ಲ. ಅಂಟುಮಿಠಾಯಿ ತಿನ್ನು. ಚೆನ್ನಾಗಿ ಬರೆ.

ಅತ್ತಿಗೆ


ನೊರ್ಯಾಂಗ್‌ಜಿನ್
೧೧ ಏಪ್ರಿಲ್ ೨೦೦೯

ಅತ್ತಿಗೆ,

ನಿಮಗೆ ಹೇಗೆ ಗೊತ್ತಾಯಿತು?

ಕಟ್ಟಡದ ಯಜಮಾನ ಡಬ್ಬವನ್ನು ಗುರುವಾರವೇ ಕೊಟ್ಟ. ಕಿಮ್ಚಿ ವಾಸನೆಗೆ ಹೆದರಿ ಇರಬೇಕು. ಮೊದಲು ಅಂಟುಮಿಠಾಯಿ ಕಂಡಿತು. ಪ್ರತಿ ವರ್ಷದಂತೆ. ಮತ್ತೆ ಅದೇ, ಮತ್ತೆ ಅಂಟಿಕೊಳ್ಳಬೇಕು. ಎಲ್ಲ ತೆಗೆದು ಕೆಳಗಿಟ್ಟ ಮೇಲೆ ತಳದಲ್ಲಿ ನೀಲಿ ದಾರದ ಕಟ್ಟು. ಬಿಚ್ಚಿದೆ. ಪರೀಕ್ಷೆಯ ಹಿಂದಿನ ದಿನಗಳಲ್ಲಿ ಕಡಲಸೊಪ್ಪು! ಮೊದಲು ಸಿಟ್ಟು ಬಂತು. ಹಾಸಿಗೆಯ ಮೇಲೆ ಕೂತೆ. ಕೂತ ಹಾಗೇ ಅಳು ಬಂತು. ಗೋಡೆಯಾಚೆ ಯಾರೋ ಬಡಿದರು. ಬಡಿಯಲಿ ಅಂತ ಗಟ್ಟಿಯಾಗಿಯೇ ಅತ್ತೆ.

ಇವತ್ತು ಬೆಳಿಗ್ಗೆ ಅಡುಗೆಮನೆಗೆ ಹೋಗಿ ಸೊಪ್ಪು ನೆನೆಹಾಕಿದೆ. ಅಂದಾಜು ತಪ್ಪಿತು, ಮುಷ್ಟಿಯಷ್ಟು ಹಾಕಿದ್ದು ಅರಳಿ ಪಾತ್ರೆ ತುಂಬಿ ಆಚೆ ಬಂತು. ಬೆಳ್ಳುಳ್ಳಿ, ಸೋಯಾ ರಸ, ನಿಮ್ಮ ಒಣಮೀನು. ಅನ್ನಕ್ಕೆ ಬಂದ ಹುಡುಗಿಯರು ಬಾಗಿಲಲ್ಲೇ ನಿಂತರು. ಒಬ್ಬಳು ಮೂಗು ಮುಚ್ಚಿಕೊಂಡು, "ನಿಮಗೇನಾದ್ರೂ ತಲೆ ಕೆಟ್ಟಿದ್ಯಾ? ಇವತ್ತಾ?" ಅಂದಳು. "ಇವತ್ತು ನನ್ನ ಹುಟ್ಟಿದ ದಿನ" ಅಂದೆ. ಪಾಪ, ಅವರಿಗೆ ಹಬೆ ತಾಗಬಾರದೆಂದು ಕಿಟಕಿ ತೆಗೆದೆ. ಎರಡು ಬಟ್ಟಲು ಕುಡಿದೆ. ಅಮ್ಮನ ಕಾಲದ ರುಚಿ, ಬಂಡೆಯ ಸೊಪ್ಪಿನ ರುಚಿ. ಆಮೇಲೆ ಅವರೆಲ್ಲ ಪರೀಕ್ಷೆಗೆ ಓಡಿದರು. ಕಟ್ಟಡ ಪೂರ್ತಿ ಖಾಲಿಯಾಯಿತು. ನಾನು ಪಾತ್ರೆ ತೊಳೆದಿಟ್ಟು, ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಲಗಿದೆ. ಪ್ರವೇಶಪತ್ರ ದಿಂಬಿನ ಪಕ್ಕದಲ್ಲೇ ಇತ್ತು. ಎದ್ದಾಗ ಮಧ್ಯಾಹ್ನ ಕಳೆದಿತ್ತು. ಇಂಥ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ.

ನನಗೆ ಸಾಕಾಗಿದೆ ಅತ್ತಿಗೆ. ಈ ಒಂದು ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಗಿದೆ. ಅಕ್ಟೋಬರ್‌ನಲ್ಲಿ ವಯಸ್ಸು ಮುಗಿಯಿತೆಂದು ಬರೆದೆನಲ್ಲ, ಅವತ್ತು ನಾನು ಬೀದಿಯಲ್ಲಿ ಹುರಿದ ಗೆಣಸು ಕೊಂಡು ನಡೆಯುತ್ತಲೇ ತಿಂದೆ. ಅಷ್ಟು ಹಗುರಾಗಿದ್ದೆ. ಆಮೇಲೆ ನಿಮ್ಮ ಕಾಗದ ಬಂತು, ನೀವು ಬಟ್ಟಲು ಇಟ್ಟು ಅತ್ತಿರಿ ಎಂದು ಓದಿದೆ. ನಿಮ್ಮ ಸಂತೋಷಕ್ಕೆ ನಾನು ಹೇಗೆ ಕಲ್ಲು ಹಾಕಲಿ? "ಓದು, ಇನ್ನೊಂದು ಸಲ" ಎಂದವರೇ ಎಲ್ಲರೂ. "ಸಾಕು, ಬಾ" ಎಂದು ಒಬ್ಬರೂ ಅನ್ನಲಿಲ್ಲ. ನೀವು ಅಂದಿರಿ. ಬಾಯಲ್ಲಿ ಹೇಳಲಾರದೆ ಸೊಪ್ಪು ಕಟ್ಟಿ ಕಳಿಸಿದಿರಿ. ನಿಮ್ಮಷ್ಟು ನನ್ನನ್ನು ತಿಳಿದವರು ಇಲ್ಲ.

ಬರುತ್ತೇನೆ. ಊರಿನವರಿಗೆ ಏನು ಹೇಳುತ್ತೀರೋ ಹೇಳಿ.

ಮಿರಾನ್


ತೊಂಗ್‌ಯೊಂಗ್
೧೪ ಏಪ್ರಿಲ್ ೨೦೦೯

ಮಿರಾನ್,

ಒಂಬತ್ತನೇ ತಾರೀಕು ನಾನು ಬರೆದ ಕಾಗದವೊಂದು ನಿನಗೆ ಬರಬಹುದು. ಬಂದಿಲ್ಲದಿದ್ದರೆ, ಬಂದಾಗ ಒಡೆಯಬೇಡ. ಅದರಲ್ಲಿ ಏನೂ ಇಲ್ಲ, ನನ್ನ ಬಾಯಿಬಡುಕತನ. ಹರಿದು ಹಾಕು.

ಸೊಪ್ಪು ಇಟ್ಟದ್ದು ನಾನೇ.

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಗಟ್ಟಿಯಾಗಿ ಓದಲು ಶುರುಮಾಡಿದೆ, ಯಾವಾಗಲೂ ಓದುತ್ತೇನಲ್ಲ. ಎರಡನೇ ಬಟ್ಟಲಿನವರೆಗೂ ಓದಿದೆ. ಆಮೇಲೆ ಆಗಲಿಲ್ಲ. ಗೊಸೊಂಗ್ ಅಕ್ಕ ಕೈಗವಸು ತೆಗೆದು ಕಾಗದ ಇಸಿದುಕೊಂಡು ಪಕ್ಕದವಳಿಗೆ ಕೊಟ್ಟಳು, ಅವಳು ಓದಿದಳು. ಯಾರೂ ಚಾಕು ಆಡಿಸಲಿಲ್ಲ. ಮುಗಿದ ಮೇಲೆ ಅಕ್ಕ, "ನಾನು ಅವತ್ತೇ ಹೇಳಿದ್ನಲ್ಲೇ" ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. "ಮೇಜಲ್ಲಿ ಜಾಗ ಇದೆ" ಅಂದಳು, ಅಷ್ಟೇ.

ಊರಿನವರಿಗೆ ನಾನು ಹೇಳಿಕೊಳ್ಳುತ್ತೇನೆ. ಹೇಳಿದ್ದೂ ನಾನೇ ಅಲ್ಲವೇ, ನುಂಗುವುದೂ ನನಗೆ ಗೊತ್ತು. ನನ್ನ ಮಾನವನ್ನು ನಿನ್ನ ತಲೆ ಮೇಲೆ ಹೊರಿಸಿದ್ದು ನನ್ನ ತಪ್ಪು. ಕಂದಾಯ ಕಚೇರಿಯ ಕಿಟಕಿ ಹಾಳಾಗಿಹೋಗಲಿ. ಅಲ್ಲಿ ಕೂತವರಿಗೆ ನಗುವುದಕ್ಕೇ ಬರುವುದಿಲ್ಲ.

ಇನ್ನೊಂದು. ನನ್ನ ಬಲಗೈ ಮಣಿಕಟ್ಟು ಡಿಸೆಂಬರ್‌ನಿಂದ ಕೆಲಸಕ್ಕೆ ಬರುವುದಿಲ್ಲ. ಪಟ್ಟಿ ಕಟ್ಟಿದ್ದಾರೆ. ಚಾಕು ಹಿಡಿಯಲಾಗದೆ ಮರಿ ಸಿಂಪಿ ಅಂಟಿ ಬೆಳೆಯಲೆಂದು ಖಾಲಿ ಚಿಪ್ಪಿಗೆ ಹಗ್ಗ ಪೋಣಿಸುವ ಕಡೆ ಕೂತಿದ್ದೇನೆ. ಎಡಗೈಯಲ್ಲಿ ಬರೆದರೆ ಅಕ್ಷರ ದೊಡ್ಡದಾಗುತ್ತದೆ. ನೀನು ಉತ್ಸಾಹ ಅಂದೆ, ನಾನು ಹೌದೆಂದು ಸುಮ್ಮನಾದೆ. ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ದಣಿದು ಇಬ್ಬರೂ ಓಡುತ್ತಿದ್ದೆವು, ಒಬ್ಬರಿಂದ ಇನ್ನೊಬ್ಬರಿಗೆ ಬೇಜಾರಾಗದಿರಲಿ ಅಂತ.

ನಿನ್ನಣ್ಣನಿಗೂ ಕಾಗದ ಕೊಟ್ಟೆ. ಓದಿದ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೋಗಿ ತೊಳೆದುಕೊಂಡ. ಈಗ ಹಿತ್ತಿಲಲ್ಲಿ ಕೂತು ನಿನ್ನ ಆ ಸಣ್ಣ ಚಾಕು ಮಸೆಯುತ್ತಿದ್ದಾನೆ. ಪೊರಕೆ ಏಟಿನ ಭುಜ ಇನ್ನೂ ನೋಯುತ್ತಿರಬೇಕು. ಯಾವ ಪೊರಕೆ ಅಂತ ಕೇಳಬೇಡ, ಏನೋ ಬರೆಯಲು ಹೋಗಿ ಬರೆದೆ.

ಬಾ. ಮೊದಲು ಒಂದು ವಾರ ಮಲಗು. ಚಾಕು ಆಮೇಲೆ ಹಿಡಿದರಾಯಿತು.

ಅತ್ತಿಗೆ


ನೊರ್ಯಾಂಗ್‌ಜಿನ್
೧೬ ಏಪ್ರಿಲ್ ೨೦೦೯

ಅತ್ತಿಗೆಗೆ,

ಕಟ್ಟಡದ ಯಜಮಾನ ಪರೀಕ್ಷೆ ವಾರದ ಟಪಾಲನ್ನೆಲ್ಲ ಡ್ರಾಯರಿನಲ್ಲಿ ಹಾಕಿ ಮರೆತಿದ್ದನಂತೆ. ನಿಮ್ಮ ಎರಡೂ ಕಾಗದ ಇವತ್ತು ಒಟ್ಟಿಗೆ ಕೈಗೆ ಬಂದವು. ಹೇಳಿದಂತೆ ಒಂಬತ್ತನೇ ತಾರೀಕಿನದನ್ನು ಹರಿದುಹಾಕಿದ್ದೇನೆ. ಸೊಪ್ಪು ಕಳಿಸಿದ್ದು ನೀವೇ. ಅದರಲ್ಲಿ ಅನುಮಾನವಿಲ್ಲ.

ಪುಸ್ತಕಗಳನ್ನು ಮೆಟ್ಟಿಲ ಬಳಿ ಇಟ್ಟು 'ಬೇಕಾದವರು ಒಯ್ಯಿರಿ' ಎಂದು ಚೀಟಿ ಅಂಟಿಸಿದೆ. ನಾನು ಮೇಲೆ ಹೋಗಿ ಬರುವಷ್ಟರಲ್ಲಿ ಖಾಲಿ. ಶನಿವಾರದ ಬೆಳಗಿನ ಬಸ್ಸಿಗೆ ಬರುತ್ತೇನೆ. ಗೋಡೆಯ ಬಾಲಗಳನ್ನು ಕೀಳಬೇಡಿ, ಗೊಸೊಂಗ್ ಅಕ್ಕನಿಗೆ ಇನ್ನೂ ಎರಡು ಬಾಲದ್ದು ಬಂದಿಲ್ಲ. ನಿಮ್ಮ ಕೈಗೆ ಕೆಲಸ ಕೊಡಬೇಡಿ, ಈ ಕಾಗದಕ್ಕೆ ಉತ್ತರವನ್ನೂ ಬರೆಯಬೇಡಿ.

ಅಣ್ಣನಿಗೆ ಒಂದು ಮಾತು ಹೇಳಿಬಿಡಿ. ಸೊಪ್ಪು ಬಹಳ ಚೆನ್ನಾಗಿತ್ತು. ಅರ್ಧ ಕಟ್ಟು ಉಳಿಸಿ ತರುತ್ತಿದ್ದೇನೆ. ಅವನ ಭುಜಕ್ಕೆ ಶಾಖ ಕೊಡಿ.

ಮಿರಾನ್